ತಪ್ಪೆಲ್ಲ ಹಂಪ್‌ನದ್ದೇನಾ?

ಮಾನ್ಯ ಸಂಪಾದಕರೇ,

ಮೈಸೂರು ಹತ್ತಿರದ ವರುಣಾ ಬಳಿ ಭಾನುವಾರ ಗುಂಪಾಗಿ ಹೊರಟಿದ್ದ ಸೈಕಲ್ ಸವಾರರು ಬಿದ್ದ ಸುದ್ದಿ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಹಂಪ್ ಕಾಣದೆ ಅವಘಡ, ಇತರರಿಗೆ ಸಣ್ಣಪುಟ್ಟ ಗಾಯ ಅಂತ ನಾಲ್ಕು ಸಾಲು. ಆ ಇತರರಲ್ಲಿ ನಾನೂ ಒಬ್ಬ. ಬಲ ಮೊಣಕೈಗೆ ಹೊಲಿಗೆ ಬಿದ್ದಿದೆ. ನಾನು ಹೇಳುತ್ತಿದ್ದೇನೆ, ಮಗಳು ಟೈಪ್ ಮಾಡುತ್ತಿದ್ದಾಳೆ. ಕೆಲವು ಮಾತು ಪೇಪರ್‌ಗೆ ಸರಿ ಹೋಗಲ್ಲ ಅಂತ ಅವಳೇ ತೆಗೆದುಹಾಕಿದ್ದಾಳೆ.

ಹಂಪ್ ಇದ್ದದ್ದು ನಿಜ. ಅದಕ್ಕೆ ಬಣ್ಣ ಇರಲಿಲ್ಲ, ಅದೂ ನಿಜ. ಆದರೆ ನಮಗಿಂತ ಮುಂಚೆ ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಮೊಪೆಡ್ ಒಂದು ಅದೇ ಹಂಪ್ ಹತ್ತಿ ಆರಾಮಾಗಿ ಇಳಿದು ಹೋಯಿತು. ನಾವು ಬಿದ್ದದ್ದು ಮುಂದಿದ್ದ ಮಹಾಶಯರ ಏರೋಬಾರ್‌ನಿಂದ. ನಿಮ್ಮ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹ್ಯಾಂಡಲ್ ಮೇಲೆ ಮುಂದಕ್ಕೆ ಚಾಚಿಕೊಂಡಿರುವ ಎರಡು ಕೊಂಬು ಇರುತ್ತವಲ್ಲ, ಅದೇ ಏರೋಬಾರ್. ಮೊಣಕೈಯನ್ನು ಪ್ಯಾಡ್ ಮೇಲೆ ಊರಿ, ಕೊಂಬು ಹಿಡಿದು ಬಗ್ಗಿದರೆ ಗಾಳಿ ಕಡಿಮೆ ತಾಗುತ್ತದೆ, ಸ್ಪೀಡ್ ಬರುತ್ತದೆ. ಟೈಮ್ ಟ್ರಯಲ್, ಟ್ರಯಥ್ಲಾನ್‌ನಲ್ಲಿ ಒಬ್ಬೊಬ್ಬರೇ ಓಡಿಸುವವರಿಗೆ ಅಂತ ಮಾಡಿದ್ದು. ಕೈ ಕೊಂಬಿನ ತುದಿಯಲ್ಲಿ, ಬ್ರೇಕ್ ಹಿಂದೆ ಹ್ಯಾಂಡಲ್‌ನಲ್ಲಿ. ಅದಕ್ಕೇ ಎಲ್ಲರೂ ಒಟ್ಟಿಗೆ ಹೊರಡುವ ರೋಡ್ ರೇಸ್‌ನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಯುಸಿಐ ಇದನ್ನು ಬಿಡುವುದೇ ಇಲ್ಲ. 2021ರಿಂದ ಅಲ್ಲಿ ಬರೀ ಹ್ಯಾಂಡಲ್ ಮೇಲೆ ಮುಂಗೈ ಊರಿಕೊಂಡು ಓಡಿಸುವುದಕ್ಕೂ ತಡೆ ಬಿದ್ದಿದೆ. ಟೂರ್ ದ ಫ್ರಾನ್ಸ್‌ನವರಿಗೇ ಗುಂಪಿನಲ್ಲಿ ಬೇಡ ಅಂದದ್ದು, ಭಾನುವಾರ ವರುಣಾ ದಾಟಿ ಇಡ್ಲಿ-ವಡೆ ತಿಂದು ವಾಪಸ್ ಬರುವವರಿಗೆ ಬೇಕಂತೆ!

ಗಂಟೆಗೆ 30 ಕಿ.ಮೀ. ಅಂದರೆ ಸೆಕೆಂಡಿಗೆ 8 ಮೀಟರ್‌ಗೂ ಜಾಸ್ತಿ. ಒಬ್ಬರ ಚಕ್ರಕ್ಕೂ ಇನ್ನೊಬ್ಬರ ಚಕ್ರಕ್ಕೂ ನಡುವೆ ಎರಡು ಮೊಳವೂ ಇರಲಿಲ್ಲ. ಇವರು ಹಂಪ್ ನೋಡಬೇಕು, ಕೊಂಬು ಬಿಡಬೇಕು, ಎದ್ದು ಬ್ರೇಕ್ ಹುಡುಕಬೇಕು. ಅಷ್ಟರಲ್ಲಿ ಸೈಕಲ್ ವಾಲಾಡಿ ಅಡ್ಡ ಬಂತು. ‘ಹಂಪ್’ ಅಂತ ಒಂದು ಕೂಗು ಹಾಕಬಹುದಿತ್ತಲ್ವಾ? ಕೈ ಸನ್ನೆ? ಅದೂ ಇಲ್ಲ. ಕಿವಿಯಲ್ಲಿ ಇಯರ್‌ಫೋನ್ ಬೇರೆ. ಹಿಂದಿನಿಂದ ನಾವು ಕಿರುಚಿದ್ದು ಹಾಡಿನ ಜೊತೆ ಸೇರಿಹೋಗಿರಬೇಕು.

ಇನ್ನೊಂದು ವಿಷಯ. ಅವರ ಹ್ಯಾಂಡಲ್‌ನ ಎಡತುದಿಗೆ ಬಾಯಿ ಮುಚ್ಚುವ ಪ್ಲಗ್ ಇರಲಿಲ್ಲ. ಅಲ್ಯೂಮಿನಿಯಂ ಪೈಪು, ಒಳಗೆ ಟೊಳ್ಳು, ಅಂಚು ಹರಿತ. ನನ್ನ ಪಕ್ಕ ಬಿದ್ದವರ ತೊಡೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಗುಂಡಗೆ ಕೊಯ್ದಿದೆ, ಬಿಸ್ಕತ್ತಿನ ಅಚ್ಚು ಒತ್ತಿದ ಹಾಗೆ. ಲಕ್ಷ ದಾಟಿದ ಕಾರ್ಬನ್ ಸೈಕಲ್. ಕಾಲು ಎಷ್ಟು ವಾಟ್ ತುಳಿಯಿತು ಅಂತ ಲೆಕ್ಕ ಹಾಕುವ ಮೀಟರ್ ಇದೆ. ಚಿಲ್ಲರೆ ಕಾಸಿನ ಪ್ಲಗ್ ಹಾಕಿಸಲು ಮಾತ್ರ ಪುರುಸೊತ್ತಿಲ್ಲ. ಅದು ಸಿಗದಿದ್ದರೆ ಬಾಟಲಿ ಬಿರಡೆ ಕೆತ್ತಿ ತುರುಕಿದರೂ ನಡೆಯುತ್ತದೆ ಸ್ವಾಮಿ.

ನನ್ನ ಪಾಡು ಕೇಳಿ. ಭಾನುವಾರ ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬರೇ ಡ್ಯೂಟಿ ಡಾಕ್ಟರ್. ಎಕ್ಸ್‌ರೇ ತೆಗೆಯುವವರು ತಿಂಡಿಗೆ ಹೋಗಿದ್ದರು. ಮಂಡ್ಯದಲ್ಲಿ ಭಾವಮೈದುನನ ಗೃಹಪ್ರವೇಶ ತಪ್ಪಿತು. ಅದರ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಸ್ನಾನ. ಸೈಕಲ್ಲಿನ ಮುಂದಿನ ಚಕ್ರ ಬೆಂಡು, ಗೇರ್ ಹ್ಯಾಂಗರ್ ಮುರಿದಿದೆ. ‘ನಿಮ್ಮ ಮಾಡೆಲ್‌ದು ಬೇರೆ ಬರುತ್ತೆ ಸಾರ್, ಬೆಂಗಳೂರಿಂದ ತರಿಸಬೇಕು’ ಅಂದರು ಅಂಗಡಿಯವರು. ನಮ್ಮ ಏರೋಬಾರ್ ಮಹಾಶಯರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ಹೆಬ್ಬೆರಳು ಒತ್ತಿದರು. ಸಾಯಂಕಾಲ ಸ್ಟ್ರಾವಾ ಅಂತ ಸವಾರಿಯ ಲೆಕ್ಕ ಇಡುವ ಆ್ಯಪ್‌ನಲ್ಲಿ ಅದೇ ರೈಡ್ ಹಾಕಿ, ಬಿದ್ದಲ್ಲಿಯವರೆಗಿನ ಆವರೇಜ್ ಸ್ಪೀಡ್ ತೋರಿಸಿದ್ದಾರೆ. ಶಹಬ್ಬಾಸ್ ಅನ್ನಬೇಕು!

ಇವರೊಬ್ಬರೇ ಅಲ್ಲ. ಎದುರು ಬರುವವರ ಕಣ್ಣಿಗೇ ಹೊಡೆಯುವ ಮಿಣಮಿಣ ಲೈಟು, ಸಡಿಲ ಸ್ಟ್ಯಾಂಡಿನಿಂದ ಹಿಂದಿನವರ ಚಕ್ರದಡಿ ಉರುಳುವ ಬಾಟಲಿ, ಗುಂಪು ಫೋಟೊ ತೆಗೆಯುವಾಗ ಮಾತ್ರ ತಲೆಗೇರುವ ಹೆಲ್ಮೆಟ್. ಕೇಳಿದರೆ ‘ನೀವು ಹಳೇ ಕಾಲದವರು’ ಅಂತಾರೆ. ಹೌದು, ಹಳೇ ಕಾಲದವನೇ. ಆಗ ಸೈಕಲ್‌ಗೂ ಲೈಸೆನ್ಸ್ ಬಿಲ್ಲೆ ಇತ್ತು. ಲೈಟಿಲ್ಲದೆ ರಾತ್ರಿ ಸಿಕ್ಕಿಬಿದ್ದರೆ ಪೊಲೀಸಪ್ಪ ಚಕ್ರದ ಗಾಳಿ ಬಿಡುತ್ತಿದ್ದ. ತಳ್ಳಿಕೊಂಡು ಮನೆಗೆ ಹೋದವನಿಗೆ ಮಾರನೇ ದಿನ ಡೈನಮೋ ನೆನಪಾಗುತ್ತಿತ್ತು.

ಈಗ ಹಂಪ್ ವಿಚಾರ. ಇಲ್ಲದಿದ್ದರೆ ಅಧಿಕಾರಿಗಳಿಗೆ ಬೇಜಾರಾದೀತು. ರಸ್ತೆ ಹೇಗಿರಬೇಕು ಅಂತ ಮಾನದಂಡ ಹಾಕುವ ಭಾರತೀಯ ರಸ್ತೆ ಕಾಂಗ್ರೆಸ್ ಲೆಕ್ಕದಲ್ಲಿ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಮೇಲೆ ಬಣ್ಣ ಇರಬೇಕು, 40 ಮೀಟರ್ ಮೊದಲೇ ಬೋರ್ಡ್ ಇರಬೇಕು. ನಮ್ಮಲ್ಲಿ ರಾತ್ರೋರಾತ್ರಿ ಒಂದು ಗಾಡಿ ಜಲ್ಲಿ-ಡಾಂಬರು ಸುರಿದು ಹೋದರೆ ಅದೇ ಹಂಪ್. ದಸರಾ ಬಂದರೆ ಅರಮನೆ ಸುತ್ತ ಬಿಳಿ ಪಟ್ಟಿಗಳು ಫಳಫಳ ಅನ್ನುತ್ತವೆ. ಜಂಬೂಸವಾರಿಯನ್ನು ಒಂದು ಸಲ ವರುಣಾ ಕಡೆ ತಿರುಗಿಸಿದರೆ ಇಲ್ಲಿಗೂ ಬಣ್ಣ ಬರಬಹುದೇನೋ! ರಿಂಗ್ ರಸ್ತೆಯ ಕೆಟ್ಟ ದೀಪಗಳ ಬಗ್ಗೆ ಮೊದಲೊಮ್ಮೆ ಬರೆದಿದ್ದೆ. ‘ಪರಿಶೀಲಿಸಲಾಗುವುದು’ ಅಂತ ಉತ್ತರ ಬಂದಿತ್ತು. ಇನ್ನೂ ಪರಿಶೀಲಿಸುತ್ತಲೇ ಇರಬೇಕು. 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಎಷ್ಟು ಭಾಷಣ ಕೇಳಿದೆವು! ಆದರೆ ಸೈಕಲ್‌ಗೆ ಅಂತ ಬಣ್ಣ ಬಳಿದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಬೆಂಗಳೂರು ಹೆದ್ದಾರಿಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊಗಳನ್ನೇ ಬಿಡುತ್ತಿಲ್ಲ, ಇನ್ನು ಸೈಕಲ್ ಎಲ್ಲಿಯ ಮಾತು. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ನುಗ್ಗುವವರ ಕಾಟ. ಅದಕ್ಕೇ ನಾವು ವರುಣಾ ಮೇಲೆ ಹೋಗುವ ನರಸೀಪುರ ರಸ್ತೆ ಹಿಡಿದದ್ದು.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಹಂಪ್‌ಗೆ ಬಣ್ಣ ಬಳಿಯಲಿ, ಇಲ್ಲವೇ ಅದನ್ನು ಕಿತ್ತುಹಾಕಲಿ. ರೈಡ್ ಏರ್ಪಡಿಸುವವರು ಹೊರಡುವ ಮುಂಚೆ ಒಂದೊಂದು ಸೈಕಲ್ಲೂ ನೋಡಿ, ಕೊಂಬಿದ್ದರೆ ಬಿಚ್ಚಿಸಲಿ, ಇಲ್ಲವೇ ವಾಪಸ್ ಕಳಿಸಲಿ. ಪೊಲೀಸರಾದರೂ ನೋಡಲಿ, ಯಾರಾದರೂ ನೋಡಲಿ. ಏರೋಬಾರ್ ಬೇಕೇ ಬೇಕು ಅನ್ನುವವರು ಒಬ್ಬರೇ ಹೋಗಿ, ಎಷ್ಟು ಸ್ಪೀಡ್ ಬೇಕೋ ಅಷ್ಟು ಹೋಗಿ. ನಮ್ಮ ಮುಂದೆ ಬಂದು ಸುಮ್ನೆ ಪ್ರಾಣ ತಿನ್ನಬೇಡಿ.

– ಒಬ್ಬ ಸೈಕಲ್ ಸವಾರ, ಸಿದ್ಧಾರ್ಥನಗರ, ಮೈಸೂರು