ಬೂಮ್ ಲಿಫ್ಟ್ ನಿಂತರೆ ಎಂಜಿನ್ ಬಿಚ್ಚುವ ಮೊದಲು ಇಂಧನ ಬದಲಿಸಿ ನೋಡಿ

ಮಾನ್ಯ ಸಂಪಾದಕರೇ,

ಕರೂರು ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ, ದಾವಣಗೆರೆ ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ, ಹರಿಹರದ ಕಡೆಯ ಕಾರ್ಖಾನೆಗಳಲ್ಲಿ ಚಾವಣಿ ಶೀಟು ಬದಲಿಸಲು, ಬಣ್ಣ ಹೊಡೆಯಲು, ದೀಪ ಕಟ್ಟಲು ಸಾರುವೆ ಕಟ್ಟುವ ಬದಲು ಬೂಮ್ ಲಿಫ್ಟ್ (ಉದ್ದ ತೋಳಿನ, ಅಂದರೆ ಬೂಮಿನ, ತುದಿಯ ಬಕೆಟ್‌ನಲ್ಲಿ ಕೆಲಸಗಾರರನ್ನು ಎತ್ತುವ ಯಂತ್ರ), ಸಿಜರ್ ಲಿಫ್ಟ್ (ಕತ್ತರಿಯಂತೆ ಬಿಚ್ಚಿಕೊಂಡು ನೇರ ಮೇಲಕ್ಕೆ ಎತ್ತುವ ಯಂತ್ರ) ಬಾಡಿಗೆಗೆ ತರಿಸುವವರು ಹೆಚ್ಚುತ್ತಿದ್ದಾರೆ. ಅವುಗಳಲ್ಲಿ ಹಲವು ಡೀಸೆಲ್. ಪೆಟ್ರೋಲ್ ಮತ್ತು ಎಲ್‌ಪಿಜಿ ಎರಡರಲ್ಲೂ ಓಡುವ, ಹೊರದೇಶದಲ್ಲಿ ದುಡಿದು ಇಲ್ಲಿಗೆ ಬಂದ ಹಳೆ ಯಂತ್ರಗಳೂ ನಡುವೆ ಇವೆ. ಇವು ಕೈಕೊಟ್ಟಾಗ ‘ಎಂಜಿನ್ ಹೋಗಿದೆ’ ಎಂದು ಕೂಡಲೇ ತೀರ್ಮಾನಿಸಿ ಕಾರ್ಬ್ಯುರೇಟರ್ ಬಿಚ್ಚುವುದು, ಗ್ಯಾಸ್ ರೆಗ್ಯುಲೇಟರಿನ ಸ್ಕ್ರೂ ತಿರುಗಿಸುವುದು ನಡೆಯುತ್ತಿದೆ. ಹೀಗೆ ಮಾಡಿದರೆ ಸಣ್ಣ ದೋಷ ದೊಡ್ಡದಾಗುತ್ತದೆ, ಜೊತೆಗೆ ಜೀವಕ್ಕೂ ಅಪಾಯ. ಅದಕ್ಕಾಗಿ ಈ ಪತ್ರ.

ಮೊದಲ ಮಾತು ದುರಸ್ತಿಯದಲ್ಲ. ಬಕೆಟ್ ಮೇಲಿರುವಾಗ ಎಂಜಿನ್ ಬಂದ್ ಬಿದ್ದರೆ ಮೇಲಿದ್ದವರನ್ನು ಕೆಳಗಿಳಿಸುವುದೇ ಮೊದಲ ಕೆಲಸ. ಬೂಮ್ ಲಿಫ್ಟ್‌ಗಳಲ್ಲಿ ಬ್ಯಾಟರಿಯಿಂದ ಓಡುವ ತುರ್ತು ಪಂಪ್ ಇರುತ್ತದೆ. ಅದರ ಸ್ವಿಚ್ ಬಕೆಟ್‌ನಲ್ಲೂ ಇರುತ್ತದೆ, ಕೆಳಗಿನ ಪ್ಯಾನೆಲ್‌ನಲ್ಲೂ ಇರುತ್ತದೆ. ಸಿಜರ್ ಲಿಫ್ಟ್‌ನಲ್ಲಾದರೆ ಕೆಳಗಡೆ ಎಳೆಯುವ ಹಿಡಿ ಅಥವಾ ವಾಲ್ವ್ ಇರುತ್ತದೆ. ಸ್ಟಾರ್ಟ್ ಆಗದ ಎಂಜಿನ್‌ಗೆ ಮತ್ತೆ ಮತ್ತೆ ಸೆಲ್ಫ್ ಹೊಡೆದು ಬ್ಯಾಟರಿ ಖಾಲಿ ಮಾಡಿದರೆ ಆ ತುರ್ತು ಪಂಪೂ ಓಡುವುದಿಲ್ಲ. ನೆಲದ ಮೇಲೆ ನಿಂತವರಲ್ಲಿ ಒಬ್ಬರಿಗಾದರೂ ಆ ಸ್ವಿಚ್ ಎಲ್ಲಿದೆ ಎಂದು ಗೊತ್ತಿರಲೇಬೇಕು. ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು, ಬೂಮ್ ಸ್ವಲ್ಪವೇ ಎತ್ತಿ, ಎಂಜಿನ್ ಬಂದ್ ಮಾಡಿ, ತುರ್ತು ಪಂಪಿನಿಂದ ಇಳಿಸಿ ನೋಡಲು ಎರಡು ನಿಮಿಷ ಸಾಕು.

ಈಗ ದೋಷ ಹುಡುಕುವ ಕ್ರಮಕ್ಕೆ ಬರೋಣ. ಎರಡು ಇಂಧನದ ಯಂತ್ರಕ್ಕೆ ಒಂದು ಅನುಕೂಲವಿದೆ, ಅದನ್ನು ಬಳಸುವವರೇ ಕಡಿಮೆ. ಪೆಟ್ರೋಲ್ ದಾರಿ ಬೇರೆ, ಗ್ಯಾಸ್ ದಾರಿ ಬೇರೆ. ಪ್ಲಗ್, ಕಾಯಿಲ್, ಏರ್ ಫಿಲ್ಟರ್, ಕಂಪ್ರೆಷನ್ ಮಾತ್ರ ಎರಡಕ್ಕೂ ಒಂದೇ. ಎರಡರಲ್ಲೂ ಒಂದೇ ತರಹ ತೊಂದರೆ ಕೊಟ್ಟರೆ ಇಂಧನದ ದಾರಿಯನ್ನು ಮುಟ್ಟಬೇಡಿ, ಏರ್ ಫಿಲ್ಟರ್ ಮತ್ತು ಇಗ್ನಿಷನ್ ಕಡೆ ಹೋಗಿ. ಒಂದರಲ್ಲಿ ಸರಿಯಾಗಿ ಓಡಿ ಇನ್ನೊಂದರಲ್ಲಿ ಮಿಸ್ಸಿಂಗ್ ಹೊಡೆದರೆ ಮಾತ್ರ ಆ ಇಂಧನದ ದಾರಿಯನ್ನು ಹಿಡಿಯಿರಿ.

ಇದಕ್ಕೊಂದು ಅಪವಾದ ಉಂಟು. ಗ್ಯಾಸ್ ಮಿಶ್ರಣ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರ್ ಪೆಟ್ರೋಲಿನಲ್ಲಿ ಹೇಗೋ ನಡೆಸಿಬಿಡುತ್ತವೆ, ಗ್ಯಾಸಿನಲ್ಲಿ ಬೂಮ್ ಎತ್ತಿದ ಕೂಡಲೇ ಮಿಸ್ಸಿಂಗ್ ತೋರಿಸುತ್ತವೆ. ಹಾಗಾಗಿ ಗ್ಯಾಸಿನಲ್ಲಿ ಮಾತ್ರ, ಅದೂ ಲೋಡ್ ಬಿದ್ದಾಗ ಮಾತ್ರ ತೊಂದರೆ ಇದ್ದರೆ ರೆಗ್ಯುಲೇಟರ್ ಬಿಚ್ಚುವ ಮೊದಲು ಪ್ಲಗ್ ತೆಗೆದು ಗ್ಯಾಪ್ ಅಳೆಯಿರಿ.

ಎರಡನೇ ಪರೀಕ್ಷೆ ಕೆಳಗಿನ ಪ್ಯಾನೆಲ್ ಮತ್ತು ಬಕೆಟ್ಟಿನ ನಡುವೆ. ಕೆಳಗಿನಿಂದ ಸ್ಟಾರ್ಟ್ ಮಾಡಿದರೆ ಓಡುತ್ತದೆ, ಬಕೆಟ್‌ನಿಂದ ಮಾತ್ರ ನಿಂತುಹೋಗುತ್ತದೆ ಎಂದಾದರೆ ಅದು ಬಹುತೇಕ ವೈರಿಂಗ್ ದೋಷ. ಬೂಮ್ ಉದ್ದಕ್ಕೂ ಹೋಗುವ ಕೇಬಲ್ ಸಾವಿರಾರು ಸಲ ಮಡಚಿ ಬಿಚ್ಚಿ ಒಳಗೇ ತುಂಡಾಗುತ್ತದೆ. ಇಂಧನ ಬದಲಿಸುವ ಸ್ವಿಚ್ ಬಕೆಟ್‌ನಲ್ಲಿದ್ದರೆ ಅದರ ತಂತಿಯೂ ಇದೇ ಕೇಬಲ್‌ನಲ್ಲಿ ಹೋಗುತ್ತದೆ. ಬೂಮ್ ಒಂದು ಎತ್ತರಕ್ಕೆ ಬಂದಾಗಲೇ ಎಂಜಿನ್ ನಿಲ್ಲುತ್ತಿದ್ದರೆ ಮೊದಲು ಈ ಕೇಬಲನ್ನೇ ನೋಡಿ. ಎಮರ್ಜೆನ್ಸಿ ಸ್ಟಾಪ್ ಬಟನ್ ಎರಡೂ ಕಡೆ ಮೇಲಕ್ಕೆ ಎಳೆದಿದೆಯೇ ಎಂಬುದನ್ನೂ ಇಲ್ಲೇ ನೋಡಿಬಿಡಿ. ಫುಟ್ ಸ್ವಿಚ್ ಒತ್ತಿಕೊಂಡಿದ್ದರೆ ಬಹಳಷ್ಟು ಬೂಮ್ ಲಿಫ್ಟ್‌ಗಳು ಸ್ಟಾರ್ಟ್ ಆಗುವುದೇ ಇಲ್ಲ.

ಗ್ಯಾಸ್ ದಾರಿಯ ತೊಂದರೆ ಹೆಚ್ಚಾಗಿ ಸಿಲಿಂಡರಿನಲ್ಲೇ ಶುರುವಾಗುತ್ತದೆ. ಈ ಎಂಜಿನ್‌ಗಳಿಗೆ ಸಿಲಿಂಡರಿನಿಂದ ದ್ರವರೂಪದ ಗ್ಯಾಸ್ ಬೇಕು. ಅದನ್ನು ಆವಿ ಮಾಡುವುದು ಎಂಜಿನ್ ಪಕ್ಕದ ವೇಪರೈಸರ್‌ನ ಕೆಲಸ, ರೇಡಿಯೇಟರಿನ ಬಿಸಿನೀರಿನಿಂದ. ಹೋಟೆಲ್‌ಗಳಿಗೆ ಬರುವ 19 ಕೆ.ಜಿ. ಸಿಲಿಂಡರ್ ಮೇಲಿನಿಂದ ಆವಿಯನ್ನು ಮಾತ್ರ ಕೊಡುತ್ತದೆ. ಅದನ್ನು ಕಟ್ಟಿದರೆ ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಓಡುತ್ತದೆ. ಲೋಡಿನಲ್ಲಿ ಗಂಟೆಗೆ ಎರಡು-ಮೂರು ಕೆ.ಜಿ. ಗ್ಯಾಸ್ ಕೇಳುವ ಎಂಜಿನ್‌ಗೆ ಅಷ್ಟು ಆವಿ ಸಿಲಿಂಡರಿನೊಳಗೆ ತಯಾರಾಗುವುದಿಲ್ಲ. ಸಿಲಿಂಡರ್ ತಣ್ಣಗಾಗುತ್ತದೆ, ಒತ್ತಡ ಬೀಳುತ್ತದೆ, ಬೂಮ್ ಅರ್ಧಕ್ಕೆ ನಿಲ್ಲುತ್ತದೆ. ದ್ರವ ಬರಲಿ ಎಂದು ಆ ಸಿಲಿಂಡರನ್ನೇ ಅಡ್ಡ ಮಲಗಿಸುವುದು, ತಲೆಕೆಳಗು ಮಾಡುವುದು ಇನ್ನೂ ಕೆಟ್ಟದ್ದು. ಆ ವಾಲ್ವ್ ಅದಕ್ಕೆ ಮಾಡಿದ್ದಲ್ಲ. ಮನೆಯ 14.2 ಕೆ.ಜಿ. ಸಿಲಿಂಡರನ್ನು ತಂದು ಕಟ್ಟುವುದಂತೂ 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಮತ್ತು ವಿತರಣೆ ನಿಯಂತ್ರಣ ಆದೇಶದ ಪ್ರಕಾರ ಅಪರಾಧ. ಏಜೆನ್ಸಿಯಲ್ಲಿ ‘ಲಿಕ್ವಿಡ್ ಆಫ್‌ಟೇಕ್’, ಅಂದರೆ ಎಲ್‌ಒಟಿ ಸಿಲಿಂಡರ್ ಎಂದೇ ಕೇಳಬೇಕು. ನಿಮ್ಮ ಯಂತ್ರದಲ್ಲಿ ಸಿಲಿಂಡರ್ ಕೂರಿಸುವ ತೊಟ್ಟಿಲಿಗೂ ಗ್ಯಾಸ್ ಪೈಪ್ ಜೋಡಿಸುವ ಕಪ್ಲರಿಗೂ ಅದು ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸಿಗದಿದ್ದರೆ ಆ ಯಂತ್ರವನ್ನು ಪೆಟ್ರೋಲಿನಲ್ಲೇ ಓಡಿಸುವುದು ವಾಸಿ.

ಯಂತ್ರದ ಜೊತೆ ಬಂದ ಮಲಗಿಸುವ ಸಿಲಿಂಡರ್ ಇದ್ದರೆ ಅದರ ಕಾಲರಿನಲ್ಲಿ ಒಂದು ತೂತು, ತೊಟ್ಟಿಲಲ್ಲಿ ಒಂದು ಪಿನ್ ಇರುತ್ತದೆ. ಪಿನ್ ತೂತಿನಲ್ಲಿ ಕೂತರೆ ಒಳಗಿನ ಕೊಳವೆ ಕೆಳಮುಖವಾಗಿ ದ್ರವದಲ್ಲಿ, ಸೇಫ್ಟಿ ವಾಲ್ವ್ ಮೇಲೆ ಆವಿಯಲ್ಲಿ ಇರುತ್ತದೆ. ಪಿನ್ ಮುರಿದಿದೆ ಎಂದು ಹೇಗೋ ಬೆಲ್ಟ್ ಬಿಗಿದರೆ ಎರಡೂ ಅದಲುಬದಲು. ಅರ್ಧ ಸಿಲಿಂಡರ್ ಉಳಿದಿರುವಾಗಲೇ ‘ಗ್ಯಾಸ್ ಖಾಲಿ’ ಎನ್ನುವುದಕ್ಕೆ ಇದೂ ಒಂದು ಕಾರಣ.

ಸಿಲಿಂಡರ್ ವಾಲ್ವನ್ನು ಒಮ್ಮೆಲೇ ಜೋರಾಗಿ ತಿರುಗಿಸಿದರೆ ಒಳಗಿನ ಎಕ್ಸೆಸ್ ಫ್ಲೋ ವಾಲ್ವ್ ಪೈಪ್ ಒಡೆದಿದೆ ಎಂದು ತಿಳಿದು ಮುಚ್ಚಿಕೊಳ್ಳುತ್ತದೆ. ಆಮೇಲೆ ಎಂಜಿನ್‌ಗೆ ತೊಟ್ಟಿಕ್ಕುವಷ್ಟೇ ಗ್ಯಾಸ್. ಇದಕ್ಕೆ ಸ್ಪ್ಯಾನರ್ ಬೇಕಿಲ್ಲ. ವಾಲ್ವನ್ನು ಪೂರ್ತಿ ಮುಚ್ಚಿ, ಅರ್ಧ ನಿಮಿಷ ಬಿಟ್ಟು, ನಿಧಾನವಾಗಿ ತೆರೆಯಿರಿ.

ಮುಂದಿನದನ್ನು ಹಿಮವೇ ಹೇಳುತ್ತದೆ. ಒತ್ತಡ ಎಲ್ಲಿ ಬೀಳುತ್ತದೋ ಅಲ್ಲಿ ದ್ರವ ಆವಿಯಾಗಿ ಹಿಮ ಕಟ್ಟುತ್ತದೆ. ಸಿಲಿಂಡರಿನ ಮೇಲೇ ಹಿಮ ಬಂದರೆ ಆವಿ ಎಳೆಯುತ್ತಿದ್ದೀರಿ ಎಂದರ್ಥ. ಲಾಕ್‌ಆಫ್ ಸೊಲೆನಾಯ್ಡ್ (ಎಂಜಿನ್ ನಿಂತಾಗ ಗ್ಯಾಸ್ ತಡೆಯುವ ವಿದ್ಯುತ್ ವಾಲ್ವ್) ಅಥವಾ ಅದರ ಫಿಲ್ಟರ್ ಮೇಲೆ ಬಂದರೆ ಫಿಲ್ಟರ್ ಕಟ್ಟಿದೆ, ಅಥವಾ ಸೊಲೆನಾಯ್ಡ್ ಪೂರ್ತಿ ತೆರೆಯುತ್ತಿಲ್ಲ. ಕಪ್ಲರಿನಲ್ಲಿ ಹಿಮದ ಜೊತೆ ಸುಯ್ಯೆನ್ನುವ ಸದ್ದಿದ್ದರೆ ಓ-ರಿಂಗ್ ಹೋಗಿದೆ. ವೇಪರೈಸರ್ ಮೈಮೇಲೆ ಬಂದರೆ ಬಿಸಿನೀರು ಅಲ್ಲಿಗೆ ತಲುಪುತ್ತಿಲ್ಲ.

ಈ ಕೊನೆಯದು ನಮ್ಮ ಕಡೆ ಹೆಚ್ಚು, ಕಾರಣ ಬೋರ್‌ವೆಲ್ ನೀರು. ದಾವಣಗೆರೆ, ಚಿತ್ರದುರ್ಗದ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ವೇಪರೈಸರಿನ ಸಣ್ಣ ದಾರಿಗಳಲ್ಲಿ ಸುಣ್ಣ ಕಟ್ಟುತ್ತದೆ. ಎಂಜಿನ್ ಬಿಸಿಯಾದ ಮೇಲೆ ವೇಪರೈಸರಿಗೆ ಹೋಗುವ, ಅಲ್ಲಿಂದ ಬರುವ ಎರಡೂ ಹೋಸ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಎರಡೂ ಬಿಸಿ ಇರಬೇಕು. ಒಂದು ತಣ್ಣಗಿದ್ದರೆ ಮೊದಲು ಕೂಲಂಟ್ ಮಟ್ಟ ನೋಡಿ. ವೇಪರೈಸರ್ ಎತ್ತರದಲ್ಲಿದ್ದರೆ ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಅದೇ. ಆಮೇಲೆ ಗಾಳಿ ಸಿಕ್ಕಿದೆಯೇ, ಥರ್ಮೋಸ್ಟ್ಯಾಟ್ ತೆರೆದೇ ನಿಂತಿದೆಯೇ ಎಂದು ನೋಡಿ. ತುಂಬುವಾಗ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಹಿಮ ಕರಗಲೆಂದು ಬೆಂಕಿ ಹಿಡಿಯುವುದು ಬೇಡವೇ ಬೇಡ.

ಅಮೆರಿಕದಿಂದ ಬಂದ ಯಂತ್ರಗಳು ಹೆಚ್ಚುಕಡಿಮೆ ಶುದ್ಧ ಪ್ರೊಪೇನ್‌ಗೆ ಹೊಂದಿಸಿದವು. ನಮ್ಮ ಎಲ್‌ಪಿಜಿ ಪ್ರೊಪೇನ್, ಬ್ಯೂಟೇನ್ ಎರಡರ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೆ ಕುದಿಯುತ್ತದೆ, ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿ. ಆದ್ದರಿಂದ ಡಿಸೆಂಬರಿನ ಬೆಳಗಿನಲ್ಲಿ ಒತ್ತಡ ಕಡಿಮೆ ಇರುವುದು ಸಹಜ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸಿಗೆ ಬದಲಿಸಿದರೆ ಆಯಿತು. ಭಾರವಾದ ಎಣ್ಣೆಯಂಥ ಉಳಿಕೆಯೂ ರೆಗ್ಯುಲೇಟರಿನ ತಳದಲ್ಲಿ ಸೇರುತ್ತದೆ. ಎಂಜಿನ್ ಬಿಸಿ ಇರುವಾಗ ಸಿಲಿಂಡರ್ ಮುಚ್ಚಿ, ಪೈಪಿನ ಗ್ಯಾಸ್ ಮುಗಿದು ಎಂಜಿನ್ ತಾನೇ ನಿಂತ ಮೇಲೆ, ಬಯಲಿನಲ್ಲಿ, ತಳದ ಡ್ರೇನ್ ಪ್ಲಗ್ ಬಿಚ್ಚಿದರೆ ಕಪ್ಪು ದ್ರವ ಇಳಿಯುತ್ತದೆ. ಇದನ್ನು ಮಾಡದೆ ಐಡಲ್ ಸ್ಕ್ರೂ ತಿರುಗಿಸುವುದು ವ್ಯರ್ಥ. ಎಂಜಿನ್ ನಿಂತ ಮೇಲೂ ಗ್ಯಾಸಿಗೆ ಗಾಳಿ ಬೆರೆಸುವ ಮಿಕ್ಸರ್ ಬಳಿ ಗ್ಯಾಸ್ ವಾಸನೆ ಬರುತ್ತಿದ್ದರೆ, ಬಿಸಿಯಿದ್ದಾಗ ಸ್ಟಾರ್ಟ್ ಆಗಲು ಸತಾಯಿಸಿದರೆ, ಲಾಕ್‌ಆಫ್ ಸರಿಯಾಗಿ ಮುಚ್ಚುತ್ತಿಲ್ಲ. ಅದನ್ನು ಬದಲಿಸುವವರೆಗೆ ಗ್ಯಾಸಿನಲ್ಲಿ ಓಡಿಸಬಾರದು.

ಪೆಟ್ರೋಲ್ ದಾರಿ ಇಷ್ಟು ಗೋಜಲಲ್ಲ. ಯಂತ್ರ ತಿಂಗಳುಗಟ್ಟಲೆ ಗ್ಯಾಸಿನಲ್ಲೇ ಓಡಿರುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸಿರುತ್ತದೆ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ನಮ್ಮ ಜಿಲ್ಲೆಯ ರೈತರು ಬೆಳೆಯುವ ಕಬ್ಬು, ಮೆಕ್ಕೆಜೋಳಗಳಿಂದಲೇ ಎಥೆನಾಲ್ ತಯಾರಾಗುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರ್ ಪೈಪನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಆ ಚೂರುಗಳು ಫಿಲ್ಟರಿಗೆ ಬಂದು ಕೂರುತ್ತವೆ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ, ಅಥವಾ ಪೂರ್ತಿ ಮಬ್ಬಾಗಿದ್ದರೆ ಟ್ಯಾಂಕ್ ಖಾಲಿ ಮಾಡಿ ಫಿಲ್ಟರ್ ಬದಲಿಸಿ. ಎಲೆಕ್ಟ್ರಿಕ್ ಪಂಪ್ ಇರುವ ಯಂತ್ರದಲ್ಲಿ ಕೀ ತಿರುಗಿಸಿದಾಗ ಪಂಪ್ ಗುಂಯ್‌ಗುಡುತ್ತದೆಯೇ ಎಂದು ಕಿವಿಗೊಡಿ. ಸದ್ದಿಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ಆಮೇಲೆ ಪಂಪ್. ತಿಂಗಳಿಗೊಮ್ಮೆಯಾದರೂ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸುವುದು ಒಳ್ಳೆಯದು.

ಕಾರ್ಬ್ಯುರೇಟರ್ ಇರುವ ಹಳೆ ಯಂತ್ರದಲ್ಲಿ ಇಂಧನ ಬದಲಿಸುವ ರೀತಿಯೂ ದೋಷ ತರುತ್ತದೆ. ಪೆಟ್ರೋಲಿನಿಂದ ಗ್ಯಾಸಿಗೆ ಹೋಗುವಾಗ ಲೋಡ್ ಇಲ್ಲದೆ ಸ್ವಿಚ್ಚನ್ನು ನಡುವಿನ ಆಫ್ ಸ್ಥಾನಕ್ಕೆ ತನ್ನಿ. ಕಾರ್ಬ್ಯುರೇಟರಿನ ಪೆಟ್ರೋಲ್ ಮುಗಿದು ಎಂಜಿನ್ ತಡವರಿಸತೊಡಗಿದಾಗ ಗ್ಯಾಸಿಗೆ ಹಾಕಿ. ನೇರವಾಗಿ ದಾಟಿಸಿದರೆ ಎರಡೂ ಇಂಧನ ಒಟ್ಟಿಗೆ ಹೋಗಿ ಕಪ್ಪು ಹೊಗೆ ಉಗುಳಿ ನಿಲ್ಲುತ್ತದೆ. ಗ್ಯಾಸಿನಿಂದ ಪೆಟ್ರೋಲಿಗೆ ಬರುವಾಗ ಪೆಟ್ರೋಲ್ ಸಾಲದೆ ತಡವರಿಸಿದರೆ ಮತ್ತೆ ಗ್ಯಾಸಿಗೆ ಹಾಕಿ, ಸಮವಾದ ಮೇಲೆ ಪೆಟ್ರೋಲಿಗೆ ಬನ್ನಿ. ಸರಿಯಾಗಿ ಹಿಡಿದ ಮೇಲೆ ಸಿಲಿಂಡರ್ ವಾಲ್ವ್ ಮುಚ್ಚಿ.

ಅಕ್ಕಿ ಗಿರಣಿಯವರಿಗೆ ಎರಡು ಮಾತು ಪ್ರತ್ಯೇಕವಾಗಿ. ತೌಡಿನ ಧೂಳು ಏರ್ ಫಿಲ್ಟರಿನ ಮಡಿಕೆಗಳಲ್ಲಿ ಒದ್ದೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ, ಬರೀ ತಟ್ಟಿದರೆ ಬೀಳುವುದಿಲ್ಲ. ಗಾಳಿ ಕಡಿಮೆಯಾಗಿ ಇಂಧನ ಹೆಚ್ಚಾದರೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಗ್ಯಾಸಿನ ಎಂಜಿನ್ ಹೊಗೆ ಕಾಣಿಸುವುದಿಲ್ಲ ಎಂದು ಮುಚ್ಚಿದ ಗೋದಾಮಿನಲ್ಲಿ ಗಂಟೆಗಟ್ಟಲೆ ಓಡಿಸಬಾರದು, ಎರಡೂ ಕಡೆ ಬಾಗಿಲು ತೆರೆದಿರಲಿ. ಎರಡನೆಯದು, ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿಗೆ ಹರಿಯುತ್ತದೆ. ಭತ್ತ ಮೇಲಕ್ಕೆತ್ತುವ ಎಲಿವೇಟರಿನ ಬುಡದ ತಗ್ಗು ಗುಂಡಿಯ ಪಕ್ಕ ರಾತ್ರಿ ಯಂತ್ರ ನಿಲ್ಲಿಸಿದರೆ ಗ್ಯಾಸ್ ಗುಂಡಿಯಲ್ಲಿ ತುಂಬಿ, ಬೆಳಿಗ್ಗೆ ಮೋಟಾರ್ ಸ್ವಿಚ್ ಹಾಕಿದಾಗ ಹೊತ್ತಿಕೊಳ್ಳಬಹುದು. ಯಂತ್ರವನ್ನು ಹೊರಗೆ ನಿಲ್ಲಿಸಿ, ಸಿಲಿಂಡರ್ ವಾಲ್ವ್ ಮುಚ್ಚಿಯೇ ಹೋಗಿ. ಸೋರಿಕೆ ನೋಡಲು ಸೋಪಿನ ನೀರೊಂದೇ.

ಲಿಫ್ಟ್ ಬಾಡಿಗೆಗೆ ಕೊಡುವವರಲ್ಲಿ ನಮ್ಮ ಕೋರಿಕೆ: ಇಂಧನ ಬದಲಿಸುವ ಕ್ರಮವನ್ನೂ ತುರ್ತಾಗಿ ಇಳಿಸುವ ಸ್ವಿಚ್ ಎಲ್ಲಿದೆ ಎಂಬುದನ್ನೂ ಕನ್ನಡದಲ್ಲಿ ಬರೆಸಿ ಕೆಳಗಿನ ಪ್ಯಾನೆಲ್ ಮೇಲೆ ಅಂಟಿಸಿ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್‌ಗಳ ಮೆಕ್ಯಾನಿಕ್ ವಿದ್ಯಾರ್ಥಿಗಳಿಗೆ ವೇಪರೈಸರ್, ಲಾಕ್‌ಆಫ್ ಬಿಚ್ಚಿ ತೋರಿಸುವ ವ್ಯವಸ್ಥೆಯಾಗಲಿ. ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಯವರು ಗಿರಣಿಗಳ ತಪಾಸಣೆಗೆ ಬಂದಾಗ ಈ ಲಿಫ್ಟ್‌ಗಳಿಗೆ ಕಟ್ಟಿರುವ ಸಿಲಿಂಡರ್ ಯಾವುದು ಎಂಬುದನ್ನೂ ನೋಡಲಿ.

— ಲಿಫ್ಟ್ ಮತ್ತು ಫೋರ್ಕ್‌ಲಿಫ್ಟ್ ದುರಸ್ತಿ ಕೆಲಸಗಾರರು, ದಾವಣಗೆರೆ