ಇಲ್ಲದ ಗುಂಡಿ

ಮಡಿಕೇರಿ

ಮಗಳೇ,

ನಿನ್ನ ಕಥೆ, ಅದರ ಜೊತೆಗಿದ್ದ ಪತ್ರ ಎರಡನ್ನೂ ಓದಿದೆ. ಪತ್ರ ಚೆನ್ನಾಗಿದೆ. ಕಥೆ ಹಾಗಿಲ್ಲ.

ಎಷ್ಟು ಪುಟ ಇರಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ತಕರಾರೇ ಬೇರೆ. ‘ಬಾಲ್ಯವನ್ನೆಲ್ಲ ಟಿವಿ ಗೇಮಿನಲ್ಲಿ ಹಾಳುಮಾಡಿಕೊಂಡೆ, ನನ್ನಂಥವಳು ಬರೆಯಬಹುದೇ’ ಎಂದು ಪತ್ರದಲ್ಲಿ ಗೋಳಾಡಿದವಳು, ಕಥೆಯಲ್ಲಿ ಮಾತ್ರ ಅಜ್ಜಿಯ ಮಡಿಲು, ಒಲೆಯ ಬೆಂಕಿ, ಜನಪದ ಕಥೆ ಅಂತ ಬರೆದಿದ್ದೀ. ನೀನು ಹುಟ್ಟುವ ಮೊದಲೇ ಅಜ್ಜಿ ತೀರಿಕೊಂಡರೆಂದು ನೀನೇ ಹೇಳಿದ್ದೀಯಲ್ಲ! ಯಾರನ್ನು ಮೆಚ್ಚಿಸೋಕೆ ಈ ಅಜ್ಜಿ?

ಯಾರನ್ನು ಅಂತ ನನಗೆ ಗೊತ್ತು. ನಾನು ಬರೆಯಲು ಶುರುಮಾಡಿದ ಕಾಲದಲ್ಲಿ ಒಬ್ಬ ಸಂಪಾದಕರು ನನ್ನ ಕಥೆಯಲ್ಲಿದ್ದ ಟೆಂಟ್ ಸಿನಿಮಾದ ಭಾಗವನ್ನು ಪೂರ್ತಿ ಹೊಡೆದುಹಾಕಿ, ಕೊಡಗಿನವರಲ್ಲವೇ, ಒಂದಿಷ್ಟು ಮಂಜು, ಆನೆ ಬರಲಿ ಎಂದು ಕಾರ್ಡು ಹಾಕಿದ್ದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆನೆ ನಮ್ಮ ತೋಟಕ್ಕೆ ಬರುವುದು ಹಲಸಿನ ಹಣ್ಣಿಗೆ, ಸಾಹಿತ್ಯಕ್ಕಲ್ಲ.

ನಿನ್ನ ಪತ್ರ ಬಂದ ಮೇಲೆ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದಿಷ್ಟು ತಿಳಿದುಕೊಂಡೆ. ನೀನು ಆಡುತ್ತಿದ್ದ ಮಾರಿಯೋ 1985ರದ್ದಂತೆ. ಇಡೀ ಆಟ 40 ಕಿಲೋಬೈಟಿನಲ್ಲಿ ಹಿಡಿಸಬೇಕಿತ್ತು. ಅದಕ್ಕೇ ಮೇಲಿನ ಮೋಡಕ್ಕೂ ಕೆಳಗಿನ ಪೊದೆಗೂ ಒಂದೇ ಚಿತ್ರ; ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಪಾಪ, ಅವರಿಗೆ ಜಾಗವಿರಲಿಲ್ಲ. ಒಂದೇ ಮಂಜನ್ನು ಪುಟಪುಟಕ್ಕೂ ಅಂಟಿಸಲು ನಿನಗೇನು ಬಂದಿತ್ತು?

ಆ ಆಟ ಕಟ್ಟಿದ ಶಿಗೆರು ಮಿಯಾಮೊಟೊ ಚಿಕ್ಕಂದಿನಲ್ಲಿ ಕ್ಯೋಟೋ ಹತ್ತಿರದ ಸೊನೊಬೆಯಲ್ಲಿ ಕಾಡು ಸುತ್ತುತ್ತ ಒಂದು ಗುಹೆ ಕಂಡು, ಲಾಂದ್ರ ಹಿಡಿದು ಒಳಹೊಕ್ಕವನು. ಆ ದಿಗಿಲೇ 1986ರ ಜೆಲ್ಡಾ ಆಟಕ್ಕೆ ಬಂತು. ಜೋರ್ಡಾನ್ ಮೆಕ್ನರ್ ಎಂಬವನು ತನ್ನ ತಮ್ಮ ಓಡುವುದನ್ನು, ನೆಗೆಯುವುದನ್ನು ವಿಡಿಯೋ ಮಾಡಿಕೊಂಡು, ಅದನ್ನು ನೋಡಿ ಒಂದೊಂದೇ ಚಿತ್ರ ಬರೆದ. 1989ರ ಪ್ರಿನ್ಸ್ ಆಫ್ ಪರ್ಷಿಯಾ ಆಟದಲ್ಲಿ ರಾಜಕುಮಾರ ನೆಗೆದಾಗಲೆಲ್ಲ ನೆಗೆಯುವುದು ಆ ತಮ್ಮನೇ. ನೀನೋ, ಸ್ವಂತ ಅಣ್ಣನನ್ನು ಕಥೆಯಿಂದ ಆಚೆ ಹಾಕಿದ್ದೀ.

ಪತ್ರದ ಕೊನೆಯಲ್ಲಿ ಅವನು ಇದ್ದಾನೆ. ಕಕ್ಕಡ ತಿಂಗಳ ಮಳೆಗೆ ನಿಮ್ಮ ಶಾಂತಳ್ಳಿಯಲ್ಲಿ ಕರೆಂಟು ಹೋದರೆ ಆಟ ಮತ್ತೆ ಮೊದಲಿಂದ. ಅದಕ್ಕೆ ಇಬ್ಬರೂ ಕತ್ತಲಲ್ಲಿ ರಿಮೋಟು ಹಿಡಿದು ಬಾಯಲ್ಲೇ ಮುಂದುವರಿಸುತ್ತಿದ್ದಿರಿ. ‘ಗುಂಡಿ ಬಂತು, ಹಾರು’ ಎಂದು ಅವನು, ‘ಹಾರಿದೆ’ ಎಂದು ನೀನು. ಒಂದು ದಿನ ಬೇಕೆಂದೇ ಇನ್ನೊಂದು ಗುಂಡಿ ಹುಟ್ಟಿಸಿ ನಿನ್ನನ್ನು ಬೀಳಿಸಿದ; ನೀನು ಊಟ ಬಿಟ್ಟು ಅತ್ತೆ. ಅಂಥ ಗುಂಡಿ ಆಟದಲ್ಲೇ ಇಲ್ಲ ಎಂದು ನಿನಗೆ ಗೊತ್ತಿತ್ತಲ್ಲ, ಮತ್ತೆ ಅತ್ತಿದ್ದು ಯಾಕೆ? ಅದನ್ನು ಬರೆ ಮಾರಾಯ್ತಿ! ಇಂಥದ್ದನ್ನು ಪತ್ರದ ಮೂಲೆಯಲ್ಲಿ ಬಿಸಾಡಿ, ಯಾರದೋ ಅಜ್ಜಿಯನ್ನು ಎರವಲು ತಂದಿದ್ದೀಯಲ್ಲ, ನಿನ್ನನ್ನು ಬೈಯಬೇಕೋ ಮುದ್ದು ಮಾಡಬೇಕೋ.

ಬೆಂಗಳೂರಿನ ಗೇಮ್ ಕಂಪನಿಯಲ್ಲಿ ಕಥೆ ಬರೆಯುವ ಕೆಲಸಕ್ಕೆ ಕರೆದಿದ್ದಾರೆ, ಹೋಗಲೇ ಎಂದಿದ್ದೀ. ಹೋಗು. ಅಪ್ಪ ತಕರಾರು ತೆಗೆದರೆ ನನ್ನ ಹೆಸರು ಹೇಳು, ಅವನೂ ನನ್ನ ಕ್ಲಾಸಿನಲ್ಲಿ ಕೂತವನೇ. ಹೊರಡುವ ಮೊದಲು ಆ ರಾತ್ರಿಯ ಬಗ್ಗೆ ಅಣ್ಣನನ್ನೂ ಕೇಳು. ಅವನು ಬೇರೆಯೇ ಹೇಳುತ್ತಾನೆ, ಜಗಳ ಮಾಡಬೇಡ, ಬರೆದುಕೋ.

ಕಥೆ ವಾಪಸು ಕಳಿಸುತ್ತಿದ್ದೇನೆ. ಅಜ್ಜಿ ಇರುವ ಕಡೆಯೆಲ್ಲ ಅಡ್ಡಗೆರೆ ಎಳೆದಿದ್ದೇನೆ. ಮುಂದಿನ ಸಲ ಅಕ್ಷರ ದೊಡ್ಡದಾಗಿ ಪ್ರಿಂಟು ಹಾಕಿಸು, ಓದೋಕೆ ಕಷ್ಟವಾಯಿತು.

ನಿನ್ನ
ಮೇಷ್ಟ್ರು