ಪೆಟ್ಟಿಗೆಯನ್ನು ಎಸೆದವರೇ ಪುರಾವೆ ಇಲ್ಲವೆಂದು ಬರೆದರು: ಮೌಲ್ಯಮಾಪನ ಸಂಸ್ಥೆಗೆ ದೂರು ಪತ್ರ

ಇಂದ:
ನಿಮ್ಮ ಗ್ರಾಹಕಿ,
ವಿದ್ಯಾನಗರ, ದಾವಣಗೆರೆ

ಗೆ:
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ಹಳೆಯ ಆಟಿಕೆ ಮತ್ತು ಸಂಗ್ರಹ ವಸ್ತುಗಳ ಮೌಲ್ಯಮಾಪನ ವಿಭಾಗ

ವಿಷಯ: ತಗಡಿನ ಡೊನಾಲ್ಡ್ ಡಕ್ ಆಟಿಕೆಯ ಮೂಲ ಪೆಟ್ಟಿಗೆಯನ್ನು ಕಳೆದಿರುವುದು, ನಮ್ಮ ಒಪ್ಪಿಗೆಯಿಲ್ಲದೆ ಆಟಿಕೆಯನ್ನು ಉಜ್ಜಿರುವುದು ಹಾಗೂ ತಪ್ಪು ವರದಿ ಕೊಟ್ಟಿರುವುದರ ಬಗ್ಗೆ.

ಮಾನ್ಯರೇ,

ನೀವು ಹಿಂದಿರುಗಿಸಿದ ಪಾರ್ಸೆಲ್ಲನ್ನು ನಮ್ಮ ತಂದೆಯವರೇ ಬಿಚ್ಚಿದರು. ಆಟಿಕೆಯನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಡಬ್ಬದೊಳಗೆ ಕೈ ಹಾಕಿ, ಸುತ್ತಿದ್ದ ಪ್ಲಾಸ್ಟಿಕ್ಕನ್ನೆಲ್ಲ ಎಳೆದು ಹಾಕಿ ಹುಡುಕಿದರು. ಆಮೇಲೆ ನನ್ನ ಕಡೆ ತಿರುಗಿ, ‘ಪೆಟ್ಟಿಗೆ ಎಲ್ಲಮ್ಮಾ?’ ಎಂದು ಕೇಳಿದರು. ಅವರಿಗೆ ಈಗ ಎಪ್ಪತ್ತಾರು ವರ್ಷ. ಆ ರಟ್ಟಿನ ಪೆಟ್ಟಿಗೆ ಅವರ ಕೈಗೆ ಬಂದಾಗ ಆರು ವರ್ಷ. ಎಪ್ಪತ್ತು ವರ್ಷ ಮಳೆ, ಗೆದ್ದಲು, ಇಲಿ, ಮೂರು ಮನೆ ಬದಲಾವಣೆ ಎಲ್ಲವನ್ನೂ ದಾಟಿ ಉಳಿದಿದ್ದ ಪೆಟ್ಟಿಗೆ ನಿಮ್ಮ ಕಚೇರಿಯಲ್ಲಿ ಹದಿನೆಂಟು ದಿನ ಉಳಿಯಲಿಲ್ಲ.

ಈ ಆಟಿಕೆ ನಮ್ಮ ಮನೆಗೆ ಬಂದ ಬಗೆಯನ್ನು ನಿಮ್ಮ ಅರ್ಜಿಯಲ್ಲಿ ಬರೆದಿದ್ದೆ. ಯಾರೂ ಓದಿಲ್ಲವೆಂದು ವರದಿಯಿಂದ ಗೊತ್ತಾಯಿತು, ಆದ್ದರಿಂದ ಮತ್ತೊಮ್ಮೆ ಬರೆಯುತ್ತಿದ್ದೇನೆ. ನಮ್ಮ ಅಜ್ಜ ದಾವಣಗೆರೆಯ ಅರಳೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಲೆಕ್ಕಪತ್ರದ ಕೆಲಸಕ್ಕೆ ವರ್ಷಕ್ಕೆ ಒಂದೆರಡು ಸಲ ಮುಂಬಯಿಗೆ ಹೋಗಿಬರುತ್ತಿದ್ದರು. ಒಂದು ದೀಪಾವಳಿಗೆ ಮಗನಿಗೆಂದು ಕೀಲಿ ಕೊಟ್ಟರೆ ಡೋಲು ಬಾರಿಸುವ ಬಾತುಕೋಳಿಯನ್ನು ತಂದರು. ನಮ್ಮ ಮನೆಯಲ್ಲಿ ಅದರ ಹೆಸರು ಇಂದಿಗೂ ‘ಡೊಳ್ಳಿನ ಬಾತು’. ಅದು ಡೊನಾಲ್ಡ್ ಡಕ್ ಎಂದು ನಮಗೆಲ್ಲ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಈಗ ಮನೆ ಪಾಲಿನ ಮಾತು ಬಂದಾಗ, ಮೂವರು ಮಕ್ಕಳಲ್ಲಿ ಒಬ್ಬರ ಬಳಿ ಇದು ಉಳಿಯಲಿ, ಉಳಿದಿಬ್ಬರಿಗೆ ಅದರ ಬೆಲೆಯ ಪಾಲು ಸಲ್ಲಲಿ ಎಂದು ತಂದೆ ಹೇಳಿದರು. ಅದಕ್ಕಾಗಿ ನಿಮ್ಮ ಬಳಿ ಬಂದೆವು. ಈ ಆಟಿಕೆಗೆ ಮತ್ತು ಹಳೆಯ ಇಂದ್ರಜಾಲ ಕಾಮಿಕ್ಸ್‌ನ ಒಂದು ಕಟ್ಟಿಗೆ ತಲಾ 2,500 ರೂಪಾಯಿ, ತೆರಿಗೆ 900 ರೂಪಾಯಿ, ಒಟ್ಟು 5,900 ರೂಪಾಯಿಯನ್ನು ಮುಂಗಡವಾಗಿಯೇ ಕಟ್ಟಿದೆ.

ನಿಮ್ಮ ಸ್ವೀಕೃತಿ ಚೀಟಿ ನನ್ನ ಮುಂದಿದೆ. ಅದರಲ್ಲಿ ‘ತಗಡಿನ ಆಟಿಕೆ 1, ಹರಿದ ರಟ್ಟಿನ ಪೆಟ್ಟಿಗೆ 1, ಮುಚ್ಚಳದಲ್ಲಿ ಅರ್ಥವಾಗದ ಬರಹ’ ಎಂದು ನಿಮ್ಮವರೇ ಬರೆದಿದ್ದಾರೆ. ಅಂದರೆ ಪೆಟ್ಟಿಗೆ ನಿಮಗೆ ತಲುಪಿದೆ. ಹದಿನೆಂಟು ದಿನಗಳ ನಂತರ ಬಂದ ವರದಿಯಲ್ಲಿ ಮಾತ್ರ ‘ಮೂಲ ಪೆಟ್ಟಿಗೆ ಇಲ್ಲ, ಕಾಲವನ್ನು ಖಚಿತಪಡಿಸುವ ಯಾವ ಪುರಾವೆಯೂ ಇಲ್ಲ’ ಎಂದಿದೆ. ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, ‘ಪ್ಯಾಕಿಂಗ್ ಕಸದ ಜೊತೆ ಹೋಗಿರಬಹುದು ಮೇಡಂ, ಅದು ಹರಿದಿತ್ತಲ್ಲ’ ಎಂದರು. ಹಳೆಯ ಆಟಿಕೆಗಳನ್ನು ಕೊಳ್ಳುವವರು ಹರಿದ ಮೂಲ ಪೆಟ್ಟಿಗೆಗೂ ಹಣ ಕೊಡುತ್ತಾರೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಮಕ್ಕಳು ಮೊದಲು ಹರಿದು ಹಾಕುವುದೇ ಪೆಟ್ಟಿಗೆಯನ್ನು. ಅದಕ್ಕಾಗಿಯೇ ಉಳಿದ ಪೆಟ್ಟಿಗೆಗಳು ಅಪರೂಪ, ಅಪರೂಪವಾದ್ದರಿಂದಲೇ ಅವಕ್ಕೆ ಬೆಲೆ.

ಆ ‘ಅರ್ಥವಾಗದ ಬರಹ’ದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲೇಬೇಕು. ಕಳಿಸುವ ಮೊದಲು ನಾನು ಹನ್ನೊಂದು ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರಿಂದ ಬರೆಯಲು ಸಾಧ್ಯವಾಗಿದೆ. ಪೆಟ್ಟಿಗೆಯ ಬದಿಯಲ್ಲಿ ಮುಂಬಯಿಯ ಅಂಗಡಿಯ ಚೀಟಿ ಅಂಟಿತ್ತು. ಅದರ ಮೇಲೆ ಶಾಯಿಯಲ್ಲಿ ಬೆಲೆ: ರೂ. 7-8-0. ಏಳು ರೂಪಾಯಿ ಎಂಟಾಣೆ. ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಆಣೆಯಲ್ಲಿ ಬೆಲೆ ಬರೆದ ಅಂಗಡಿ ಚೀಟಿ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದು. ಮುಚ್ಚಳದ ಒಳಗೆ ಅಜ್ಜ ಸೀಸದ ಕಡ್ಡಿಯಲ್ಲಿ ತಂದೆಯ ಹೆಸರು ಬರೆದು, ಅದರ ಕೆಳಗೆ ‘ಮನ್ಮಥ ಸಂವತ್ಸರ, ಬಲಿಪಾಡ್ಯಮಿ, ದಾವಣಗೆರೆ, ಚಿತ್ರದುರ್ಗ ಡಿಸ್ಟ್ರಿಕ್ಟ್’ ಎಂದು ಬರೆದಿದ್ದರು. ಮಂಡಿಯ ಖಾತೆ ಪುಸ್ತಕ ಬರೆದು ರೂಢಿಯಾದ ಕೈ, ಅಕ್ಷರ ಮುತ್ತಿನಂತಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಮನ್ಮಥ ಬಂದದ್ದು 1955ರ ಯುಗಾದಿಗೆ, ಮತ್ತೆ ಬಂದದ್ದು 2015ರ ಯುಗಾದಿಗೆ. ಆಣೆಯ ಚೀಟಿ, ಮನ್ಮಥ ಸಂವತ್ಸರ ಎರಡನ್ನೂ ಒಟ್ಟಿಗೆ ಇಟ್ಟರೆ 1955ರ ದೀಪಾವಳಿಯೊಂದೇ ಉಳಿಯುತ್ತದೆ. ಕನ್ನಡ ಓದಬಲ್ಲ, ಪಂಚಾಂಗ ನೋಡಿ ಗೊತ್ತಿರುವ ಯಾರನ್ನು ಕೇಳಿದ್ದರೂ ಐದು ನಿಮಿಷದ ಕೆಲಸ. ಕರ್ನಾಟಕದಲ್ಲೇ ಕಚೇರಿ ಇಟ್ಟುಕೊಂಡು ಕನ್ನಡದ ಬರಹವನ್ನು ಅರ್ಥವಾಗದ್ದು ಎಂದು ಬರೆದಿದ್ದೀರಿ. ಇದು ನನಗೆ ಪೆಟ್ಟಿಗೆ ಕಳೆದದ್ದರಷ್ಟೇ ನೋವು ಕೊಟ್ಟಿದೆ.

ಈ ಚಿತ್ರಗಳನ್ನು ಇಮೇಲಿನಲ್ಲಿ ಕಳಿಸಿದ ಮೇಲೆ ನಿಮ್ಮಿಂದ ಬಂದ ಕರೆ ಇನ್ನೊಂದು ಅಚ್ಚರಿ. ‘ಬರಹದಲ್ಲಿ ಚಿತ್ರದುರ್ಗ ಜಿಲ್ಲೆ ಎಂದಿದೆ, ನಿಮ್ಮ ವಿಳಾಸ ದಾವಣಗೆರೆ ಜಿಲ್ಲೆ, ಆದ್ದರಿಂದ ಪೆಟ್ಟಿಗೆ ನಿಮ್ಮ ಮನೆಯದೆಂದು ಹೇಗೆ ನಂಬುವುದು?’ ಎಂದು ನಿಮ್ಮ ಸಿಬ್ಬಂದಿ ಕೇಳಿದರು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ಚಿತ್ರದುರ್ಗ ಜಿಲ್ಲೆಯವರೇ. ನನ್ನ ಶಾಲೆಯ ಅಂಕಪಟ್ಟಿಯಲ್ಲೂ ಚಿತ್ರದುರ್ಗ ಜಿಲ್ಲೆ ಎಂದೇ ಇದೆ. ಬರಹ ಹಳೆಯದೆಂದು ಸಾರುವ ಸಂಗತಿಯನ್ನೇ ನಮ್ಮ ಮೇಲಿನ ಸಂಶಯಕ್ಕೆ ಆಧಾರ ಮಾಡಿಕೊಂಡಿರಿ.

ಇನ್ನು ವರದಿ. ಮೊದಲ ಪುಟದಲ್ಲಿ ಆಟಿಕೆಯ ಕಾಲ 1934 ಎಂದಿದೆ. ಮೂರನೆಯ ಪುಟದಲ್ಲಿ ‘ಇತ್ತೀಚಿನ ನಕಲು, ಅಂದಾಜು ಬೆಲೆ 1,200 ರೂಪಾಯಿ’ ಎಂದಿದೆ. ಎರಡೂ ತಪ್ಪು. 1934 ಡೊನಾಲ್ಡ್ ಡಕ್ ಎಂಬ ಪಾತ್ರ ಮೊದಲ ಸಲ ತೆರೆಯ ಮೇಲೆ ಬಂದ ವರ್ಷ, ಈ ಆಟಿಕೆ ತಯಾರಾದ ವರ್ಷವಲ್ಲ. ಅಂದಿನ ಡೊನಾಲ್ಡ್‌ನ ಕೊಕ್ಕು ಉದ್ದವಾಗಿ, ಚೂಪಾಗಿ ಇರುತ್ತಿತ್ತು, ಆ ಕಾಲದ ಆಟಿಕೆಗಳಲ್ಲೂ ಹಾಗೆಯೇ. ನಮ್ಮದರ ಕೊಕ್ಕು ಮೊಂಡು, ಅಗಲ. ಹಕ್ಕುದಾರರ ಹೆಸರನ್ನಾದರೂ ನೋಡಬೇಕಿತ್ತು. 1930ರ ದಶಕದ ನಡುವಿನ ವರ್ಷಗಳ ಸಾಮಾನುಗಳ ಮೇಲೆ ‘ವಾಲ್ಟ್ ಡಿಸ್ನಿ ಎಂಟರ್‌ಪ್ರೈಸಸ್’ ಎಂಬ ಗುರುತು ಇರುತ್ತದೆ. ಆ ದಶಕದ ಕೊನೆಯ ಹೊತ್ತಿಗೆ ಅದು ‘ವಾಲ್ಟ್ ಡಿಸ್ನಿ ಪ್ರೊಡಕ್ಷನ್ಸ್’ ಆಯಿತು. ನಮ್ಮ ಬಾತಿನ ಬೆನ್ನಿನ ಕೆಳಗೆ ಇದ್ದದ್ದು ‘ಪ್ರೊಡಕ್ಷನ್ಸ್’, ಅದರ ಪಕ್ಕದಲ್ಲಿ ‘ಲೈನ್‌ಮಾರ್ ಟಾಯ್ಸ್, ಜಪಾನ್’. ‘ಇದ್ದದ್ದು’ ಎಂದು ಬರೆಯುತ್ತಿರುವುದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಜಪಾನ್ ಎಂಬ ಪದ ಕಂಡ ಕೂಡಲೇ ನಕಲು ಎಂದು ನಿರ್ಧರಿಸಿದಂತಿದೆ. ಲೈನ್‌ಮಾರ್ ನಕಲು ಮಾಡುವವರ ಹೆಸರಲ್ಲ. ಅಮೆರಿಕದ ದೊಡ್ಡ ಆಟಿಕೆ ತಯಾರಕರಾದ ಲೂಯಿಸ್ ಮಾರ್ಕ್ಸ್ ಕಂಪನಿಯವರು ಯುದ್ಧಾನಂತರ ಜಪಾನಿನಲ್ಲಿ ಮಾಡಿಸಿದ ಆಟಿಕೆಗಳಿಗೆ ಇಟ್ಟ ಹೆಸರು ಅದು. 1950ರ ದಶಕದಲ್ಲಿ ಡಿಸ್ನಿ ಪಾತ್ರಗಳು, ಪೊಪಾಯ್ ಮುಂತಾದವರ ಕೀಲಿ ಆಟಿಕೆಗಳು ಪರವಾನಗಿ ಪಡೆದೇ ಆ ಹೆಸರಿನಲ್ಲಿ ಬಂದವು. ಪರವಾನಗಿಯ ಗುರುತು ಆಟಿಕೆಯ ಮೈಮೇಲೆಯೇ ಇರುವಾಗ ನಕಲು ಎಂದು ಬರೆಯಲು ನಿಮಗೆ ಕಂಡ ಆಧಾರವಾದರೂ ಯಾವುದು? ಆಟಿಕೆಯನ್ನು ಸ್ಕ್ರೂ ಹಾಕಿ ಕೂಡಿಸಿಲ್ಲ. ಬಣ್ಣದ ಚಿತ್ರವನ್ನು ಮೊದಲು ತಗಡಿನ ಹಾಳೆಯ ಮೇಲೆ ಮುದ್ರಿಸಿ, ಅಚ್ಚಿನಲ್ಲಿ ಒತ್ತಿ, ನಾಲಗೆಯಂತಹ ಪಟ್ಟಿಗಳನ್ನು ಸೀಳಿನೊಳಗೆ ತೂರಿಸಿ ಮಡಚಿದ್ದಾರೆ. ಆ ನಾಲಗೆಗಳನ್ನು ಒಂದು ಸಲವೂ ಬಿಚ್ಚಿಲ್ಲವೆಂಬುದು ಬರಿಗಣ್ಣಿಗೇ ಕಾಣುತ್ತದೆ.

ಕೀಲಿಯ ವಿಷಯದಲ್ಲಿ ಮಾತ್ರ ವರದಿ ನಮಗೆ ಲಾಭವಾಗುವಂತೆ ತಪ್ಪಿದೆ. ‘ಕೀಲಿ ಮೂಲದ್ದು, ಉತ್ತಮ ಸ್ಥಿತಿ’ ಎಂದು ಬರೆದಿದ್ದೀರಿ. ಅದು ಮೂಲದ್ದಲ್ಲ. ಹಳೆಯದು ಕಳೆದುಹೋದ ಮೇಲೆ 1971ರಲ್ಲಿ, ಇಲ್ಲಿಯ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ನಮ್ಮ ತಂದೆ ಹಿತ್ತಾಳೆಯ ತುಂಡಿಗೆ ಅರ ಹಾಕಿ ತಾವೇ ಮಾಡಿದ್ದು. ಇದನ್ನೂ ಅರ್ಜಿಯಲ್ಲಿ ತಿಳಿಸಿದ್ದೆ. ಕೀಲಿ ಬದಲಾಗಿದ್ದರೆ ಬೆಲೆ ಇಳಿಯುತ್ತದೆ ಎಂದು ಗೊತ್ತಿದ್ದೂ ತಿಳಿಸಿದ್ದೆ. ಕಡಿಮೆ ಬೆಲೆ ಬಂತೆಂದು ನಾನು ದೂರುತ್ತಿಲ್ಲ ಎಂಬುದು ಇದರಿಂದಲಾದರೂ ನಿಮಗೆ ಮನವರಿಕೆಯಾಗಲಿ.

ಬೆಲೆ ಕಟ್ಟಿದ ರೀತಿಯಂತೂ ಒಪ್ಪುವಂಥದ್ದಲ್ಲ. ಹೋಲಿಕೆಗೆ ಮೂರು ವಸ್ತುಗಳನ್ನು ಕೊಟ್ಟಿದ್ದೀರಿ. ಒಂದು ಪ್ಲಾಸ್ಟಿಕ್ಕಿನದು, ಇನ್ನೊಂದು ಬ್ಯಾಟರಿಯದು, ಮೂರನೆಯದು ಡೊನಾಲ್ಡ್ ಅಲ್ಲವೇ ಅಲ್ಲ, ಮಿಕ್ಕಿ ಮೌಸ್. ಮೂರಕ್ಕೂ ಹಾಕಿರುವುದು ಮಾರುವವರು ಕೇಳುತ್ತಿರುವ ಬೆಲೆ, ಮಾರಾಟವಾದ ಬೆಲೆಯಲ್ಲ. ನಮ್ಮ ಊರಿನ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತನನ್ನು ಕೇಳಿ, ಬಾಯಲ್ಲಿ ಹೇಳಿದ ದರ ಬೇರೆ, ಕಾಟಾ ಆಗಿ ಚೀಟಿಯಲ್ಲಿ ಬರೆದು ಕೈಗೆ ಬಂದ ದರ ಬೇರೆ ಎನ್ನುತ್ತಾನೆ. ಅದೇ ತಯಾರಕರ ಅದೇ ಆಟಿಕೆ, ಅದೇ ಸ್ಥಿತಿಯಲ್ಲಿ, ಪೆಟ್ಟಿಗೆ ಸಹಿತ ಎಷ್ಟಕ್ಕೆ, ಪೆಟ್ಟಿಗೆ ಇಲ್ಲದೆ ಎಷ್ಟಕ್ಕೆ ಹರಾಜಿನಲ್ಲಿ ಹೋಗಿದೆ ಎಂದು ನೋಡುವುದೇ ಮೌಲ್ಯಮಾಪನ. ನಾವು ಹಣ ಕೊಟ್ಟದ್ದು ಆ ಕೆಲಸಕ್ಕೆ.

ಕಾಮಿಕ್ಸ್ ಕಟ್ಟಿನ ವರದಿಯಲ್ಲೂ ಇದೇ ಗೊಂದಲ. ಆ ಪುಸ್ತಕಗಳಲ್ಲಿ ಬರುವ ಫ್ಯಾಂಟಮ್ ಎಂಬ ಪಾತ್ರ ಹುಟ್ಟಿದ 1936ನ್ನೇ ಪುಸ್ತಕಗಳ ವರ್ಷವೆಂದು ಬರೆದಿದ್ದೀರಿ. ಇಂದ್ರಜಾಲ ಕಾಮಿಕ್ಸ್ ಆರಂಭವಾದದ್ದೇ 1964ರಲ್ಲಿ.

ಈಗ ನನಗೆ ಅತ್ಯಂತ ಸಂಕಟ ತಂದ ಸಂಗತಿ. ನಾವು ಕಳಿಸಿದಾಗ ಬಾತಿನ ಮೈಮೇಲೆ ಎಪ್ಪತ್ತು ವರ್ಷದ ಮಬ್ಬು ಇತ್ತು, ಡೋಲಿನ ಅಂಚಿನಲ್ಲಿ ಚೂರು ತುಕ್ಕು ಇತ್ತು. ಹಿಂದಿರುಗಿ ಬಂದಾಗ ಅದು ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು, ಹತ್ತಿರ ಹಿಡಿದರೆ ಯಾವುದೋ ದ್ರಾವಣದ ವಾಸನೆ. ಟೋಪಿಯ ನೀಲಿ ಬಣ್ಣ ಒಂದು ಕಡೆ ಎದ್ದುಹೋಗಿ ಬರೀ ತಗಡು ಕಾಣುತ್ತಿದೆ. ಬೆನ್ನಿನ ಕೆಳಗಿನ ಗುರುತಿನಲ್ಲಿ ‘ಲೈನ್’ ಉಳಿದಿದೆ, ‘ಮಾರ್’ ಅಳಿಸಿದೆ. ತಗಡಿನ ಮೇಲಿನ ಮುದ್ರಣ ತೆಳುವಾದ ಪದರ, ಹೋದರೆ ಹೋಯಿತು. ಮತ್ತೆ ಬಣ್ಣ ಹಚ್ಚಿದರೆ ಬೆಲೆ ಇನ್ನೂ ಇಳಿಯುತ್ತದೆ. ನಮ್ಮ ತಂದೆ ಪ್ರತಿ ಆಯುಧಪೂಜೆಗೆ ಅದನ್ನು ಒಣ ಹತ್ತಿಯಲ್ಲಿ ಮಾತ್ರ ಒರೆಸುತ್ತಿದ್ದರು, ನೀರು ಸಹ ತಾಗಿಸುತ್ತಿರಲಿಲ್ಲ. ಉಜ್ಜಿರೆಂದು ನಿಮಗೆ ಹೇಳಿದವರು ಯಾರು? ಅರ್ಜಿಯಲ್ಲಿ ‘ಶುಚಿಗೊಳಿಸುವ ಸೇವೆ ಬೇಕೆ’ ಎಂಬ ಪ್ರಶ್ನೆಗೆ ನಾನು ‘ಬೇಡ’ ಎಂದು ಗುರುತು ಹಾಕಿದ್ದೆ. ಆ ಪುಟದ ಪ್ರತಿಯೂ ನನ್ನ ಬಳಿ ಇದೆ.

ವರದಿ ಬಂದ ಎರಡನೆಯ ದಿನಕ್ಕೆ ನಿಮ್ಮದೇ ಖರೀದಿ ವಿಭಾಗದಿಂದ ಕರೆ ಬಂತು. 1,200 ರೂಪಾಯಿಯ ನಕಲನ್ನು 4,000 ರೂಪಾಯಿಗೆ ಕೊಳ್ಳಲು ಸಿದ್ಧ ಎಂದರು. ನಕಲು ಎಂದು ನಿಮಗೆ ನಂಬಿಕೆ ಇದ್ದಿದ್ದರೆ ಮೂರು ಪಟ್ಟು ಹೆಚ್ಚು ಕೊಡಲು ಮುಂದಾಗುತ್ತಿರಲಿಲ್ಲ. ಬೆಲೆ ಕಟ್ಟುವವರೇ ಕೊಳ್ಳುವವರೂ ಆಗಿದ್ದರೆ ಅದನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ತಿಳಿಸಬೇಕಿತ್ತು.

ನಾನು ಕೇಳುತ್ತಿರುವುದು ಇಷ್ಟು. ಎರಡೂ ವರದಿಗಳನ್ನು ರದ್ದುಪಡಿಸಿ, ಹಾಗೆ ರದ್ದುಪಡಿಸಿದ್ದನ್ನು ಲಿಖಿತವಾಗಿ ತಿಳಿಸಿ. 5,900 ರೂಪಾಯಿಯನ್ನು ಪೂರ್ತಿ ಮರಳಿಸಿ. ನಿಮಗೂ ನಮಗೂ ಸಂಬಂಧವಿಲ್ಲದ, ಆಟಿಕೆ ಕೊಳ್ಳುವ ವ್ಯವಹಾರದಲ್ಲಿ ಇಲ್ಲದ ತಜ್ಞರೊಬ್ಬರಿಂದ, ನನ್ನ ಚಿತ್ರಗಳ ಆಧಾರದಲ್ಲಿ, ಪೆಟ್ಟಿಗೆ ಸಹಿತ ಮೊದಲಿದ್ದ ಸ್ಥಿತಿಯ ಬೆಲೆಯನ್ನೂ ಈಗಿನ ಸ್ಥಿತಿಯ ಬೆಲೆಯನ್ನೂ ನಿಮ್ಮ ಖರ್ಚಿನಲ್ಲಿ ಕಟ್ಟಿಸಿ, ವ್ಯತ್ಯಾಸವನ್ನು ತುಂಬಿಕೊಡಿ. ಆ ತಜ್ಞರು ಹೇಳುವ ಮೊತ್ತ ಚಿಕ್ಕದಿದ್ದರೂ ನಾವು ಒಪ್ಪುತ್ತೇವೆ.

2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ 48 ಗಂಟೆಗಳಲ್ಲಿ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡುವುದು ನಿಮ್ಮ ಹೊಣೆ. ಅದು ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕರು ತಾವು ವಾಸವಿರುವ ಊರಿನಲ್ಲೇ ದೂರು ದಾಖಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. ಸ್ವೀಕೃತಿ ಚೀಟಿ, ಅರ್ಜಿಯ ಪ್ರತಿ, ಹನ್ನೊಂದು ಚಿತ್ರಗಳು, ನಿಮ್ಮ ಎರಡು ವರದಿಗಳು ಎಲ್ಲವನ್ನೂ ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗೋದಾಮು, ಪ್ಯಾಕಿಂಗ್ ಕೋಣೆ, ರದ್ದಿಗೆ ಇಟ್ಟ ರಟ್ಟಿನ ರಾಶಿ ಇನ್ನೂ ಹೊರಗೆ ಹೋಗಿರದಿದ್ದರೆ ಇಂದೇ ಯಾರನ್ನಾದರೂ ಕಳಿಸಿ ಹುಡುಕಿಸಿ. ಅಂಗೈ ಅಗಲದ ಎರಡರಷ್ಟಿರುವ, ಹಳದಿ ಬಣ್ಣದ, ಒಂದು ಮೂಲೆ ಹರಿದು ಹುರಿಯಲ್ಲಿ ಕಟ್ಟಿದ ಪೆಟ್ಟಿಗೆ ಅದು. ಪೂರ್ತಿ ಸಿಗದಿದ್ದರೂ ಸರಿ, ಸೀಸದ ಕಡ್ಡಿಯ ಬರಹವಿರುವ ಮುಚ್ಚಳವೊಂದೇ ಸಿಕ್ಕರೂ ಒರೆಸದೆ, ಅಂಟು ಹಚ್ಚದೆ, ಇದ್ದಂತೆಯೇ ಕಳಿಸಿ. ಅಜ್ಜನ ಕೈಬರಹ ನಮ್ಮ ಮನೆಯಲ್ಲಿ ಉಳಿದಿದ್ದದ್ದು ಅದೊಂದರಲ್ಲೇ.

ಇಂತಿ,
ನೊಂದ ಗ್ರಾಹಕಿ
ವಿದ್ಯಾನಗರ, ದಾವಣಗೆರೆ